ಹೇಳಲಾಗದೆ ಕಳೆದ ಹನ್ನೊಂದು ತಾಸು

ಈ ಬರಹಗಳನ್ನು ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಸೊಸೆಯಂದಿರಿದ್ದಾರೆ, ಮೊಮ್ಮಕ್ಕಳೂ ಇದ್ದಾರೆ. ಆದ್ದರಿಂದ ಇಂದಿನ ವಿಷಯವನ್ನು ಎತ್ತಿಕೊಳ್ಳಲು ಬಹಳ ದಿನ ಹಿಂಜರಿದೆ. ಆದರೆ "ನಾ ಹೋದ ಮ್ಯಾಲ ಬರಿಯಪಾ, ಹೆಸರೊಂದು ಬಿಟ್ಟು" ಎಂದು ನನ್ನ ಗೆಳೆಯ ಹೇಳಿದ್ದ. ಅವನು ತೀರಿಕೊಂಡು ಕೆಲವು ವರ್ಷಗಳಾದವು.

2004ರ ಮಳೆಗಾಲದ ಒಂದು ದಿನ ಬೆಳಗಿನ ನಾಲ್ಕು ಗಂಟೆಗೆ ಧಾರವಾಡದ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ಅವನು ಶಾಲು ಹೊದ್ದು, ಸೊಂಟ ಬಾಗಿಸಿಕೊಂಡು ನಿಂತಿದ್ದ. ಹಿಂದೆ ಅವನ ಪತ್ನಿ. ಅವನಿಗೆ ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ. ಲೈನ್ ಬಜಾರಿನ ಪೇಢೆಯನ್ನು ಮಾತ್ರ ಬಿಟ್ಟವನಲ್ಲ. ಸಕ್ಕರೆ ಕಾಯಿಲೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸಿ ನಿಮಿರುವಿಕೆಯ ಶಕ್ತಿಯನ್ನು ಕುಂದಿಸುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅವನು ವೈದ್ಯರನ್ನು ಕೇಳಲಿಲ್ಲ, ಗೋಡೆಯ ಬರಹವನ್ನು ನಂಬಿದ. ಇಂಥ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಆದರೂ ರೈಲಿನಲ್ಲಿ ಕುಳಿತವರು ಹಳಿಯ ಪಕ್ಕದ ಗೋಡೆಗಳಲ್ಲಿ "ಗುಪ್ತರೋಗ" ಎಂಬ ದಪ್ಪ ಅಕ್ಷರಗಳನ್ನು ಕಾಣದೆ ಊರು ತಲುಪಿದ್ದುಂಟೆ? ತಿಂಗಳಿಗೊಮ್ಮೆ ಹುಬ್ಬಳ್ಳಿಯ ಲಾಡ್ಜೊಂದಕ್ಕೆ ಬರುತ್ತಿದ್ದ "ಡಾಕ್ಟರ"ನೊಬ್ಬ ಹಿಂದಿನ ಸಂಜೆ ಆರಕ್ಕೆ ಸೂಜಿ ಚುಚ್ಚಿ, ಹಣ ಎಣಿಸಿಕೊಂಡು ಕಳುಹಿಸಿದ್ದ. ಸೂಜಿಯೊಳಗೆ ಏನಿತ್ತು, ಎಷ್ಟಿತ್ತು ಎಂಬುದು ಕೊನೆಗೂ ತಿಳಿಯಲಿಲ್ಲ.

ಚಿಕಿತ್ಸೆಯೇ ಮೋಸವೆಂದು ತಿಳಿಯಬಾರದು. 1982ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಗಸಗಸೆ ಗಿಡದಲ್ಲಿ ದೊರೆಯುವ ಪಪಾವರಿನ್ ಎಂಬ ಔಷಧದಿಂದ ಇದು ಸಾಧ್ಯವೆಂದು ಪ್ರಕಟಿಸಿದರು. ಮರುವರ್ಷ ಇಂಗ್ಲೆಂಡಿನ ಗೈಲ್ಸ್ ಬ್ರಿಂಡ್ಲಿ ಎಂಬ ವಿಜ್ಞಾನಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ವೈದ್ಯರ ಸಭೆಗೆ ಮುನ್ನ ಇಂಥದೇ ಇಂಜೆಕ್ಷನ್ನನ್ನು ತಾವೇ ಚುಚ್ಚಿಕೊಂಡು, ಫಲಿತಾಂಶವನ್ನು ವೇದಿಕೆಯ ಮೇಲೆಯೇ ತೋರಿಸಿಬಿಟ್ಟರು! ಆ ಮಹಾನುಭಾವರ ಧೈರ್ಯದ ನೂರರಲ್ಲೊಂದು ಪಾಲು ನಮ್ಮವರಿಗೆ ಬಾಯಿ ಬಿಟ್ಟು ಹೇಳುವಷ್ಟಾದರೂ ಇದ್ದಿದ್ದರೆ ಎಂದು ನನಗೆ ಅನೇಕ ಸಲ ಅನಿಸಿದೆ. 1998ರಲ್ಲಿ ಸಿಲ್ಡೆನಾಫಿಲ್ ಗುಳಿಗೆ ಬಂದ ಮೇಲೂ, ಅದು ಫಲಿಸದವರಿಗೆ ಆಲ್ಪ್ರೊಸ್ಟಾಡಿಲ್ ಮುಂತಾದ ಇಂಜೆಕ್ಷನ್ನುಗಳು ಉಳಿದುಕೊಂಡಿವೆ.

ಆದರೆ ಅದಕ್ಕೊಂದು ಶಿಸ್ತಿದೆ. ಮೊದಲ ಸೂಜಿಯನ್ನು ವೈದ್ಯರ ಎದುರಿನಲ್ಲೇ, ಸಣ್ಣ ಪ್ರಮಾಣದಿಂದ ಆರಂಭಿಸಿ, ಇಳಿಯುವವರೆಗೆ ಕಾದು ನೋಡಬೇಕು. ನೋವು, ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು ಸಾಮಾನ್ಯ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದರೆ ಒಳಗೆ ಗಟ್ಟಿಯಾದ ಕಲೆಯುಂಟಾಗಿ ಅಂಗ ಡೊಂಕಾಗಬಹುದು. ಅದಕ್ಕಾಗಿಯೇ ಬದಿ ಬದಲಿಸಲು, ಎರಡು ಸೂಜಿಗಳ ನಡುವೆ ಕನಿಷ್ಠ ಒಂದು ದಿನ ಬಿಡಲು ಹೇಳುತ್ತಾರೆ. ಎಲ್ಲಕ್ಕಿಂತ ಘೋರವಾದುದು ನನ್ನ ಗೆಳೆಯನಿಗೆ ಆದದ್ದು: ಇಳಿಯದೇ ಇರುವುದು. ಒಳಗಿನ ಸ್ಪಂಜಿನಂಥ ಭಾಗದಲ್ಲಿ ಸಿಕ್ಕಿಕೊಂಡ ರಕ್ತದ ಆಮ್ಲಜನಕ ತೀರಿ, ಮಾಂಸವೇ ಉಸಿರುಗಟ್ಟಿ ಸಾಯತೊಡಗುತ್ತದೆ. ನಾಲ್ಕು ತಾಸು ದಾಟಿತೆಂದರೆ ತುರ್ತು ಚಿಕಿತ್ಸೆಯೇ ಬೇಕು. ಇವನು ತಣ್ಣೀರ ಬಟ್ಟೆ ಸುತ್ತಿಕೊಂಡು, ಬೆಳಗಾದರೆ ಇಳಿದೀತೆಂದು ರಾತ್ರಿಯೆಲ್ಲ ಹಲ್ಲು ಕಚ್ಚಿದ್ದ.

ಮಳೆಯಲ್ಲಿ ಟ್ಯಾಕ್ಸಿ ಹುಡುಕಿ ಹುಬ್ಬಳ್ಳಿಯ ಆಸ್ಪತ್ರೆಯೊಂದನ್ನು ತಲುಪುವಾಗ ಐದಾಗಿತ್ತು. ದಾರಿಯಲ್ಲಿ ಅವನು ಕೇಳಿದ, "ನೀ ವಿಜ್ಞಾನದ ಮಾಸ್ತರ, ಇದೆಲ್ಲ ನಿನಗ ಗೊತ್ತಿತ್ತೇನು?" ಗೊತ್ತಿರಲಿಲ್ಲ. ಮೇಲೆ ಬರೆದುದೆಲ್ಲ ಆನಂತರ ಓದಿಕೊಂಡದ್ದು. ಮೂವತ್ತು ವರ್ಷ ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ "ಇದನ್ನ ಮನಿಯಾಗ ಓದ್ಕೋರಿ" ಎಂದು ಪುಟ ತಿರುವಿದವನು ನಾನು. ನಿಮ್ಮಲ್ಲಿ ಎಷ್ಟೋ ಮಂದಿಗೆ ಅದು ನೆನಪಿದ್ದೀತು.

ಎಳೆಯ ವಯಸ್ಸಿನ ವೈದ್ಯೆ, "ಎಷ್ಟೊತ್ತಾತ್ರಿ?" ಎಂದು ಕೇಳಿದಳು. "ಎರಡ ತಾಸ ಆಗಿರಬೇಕ್ರಿ" ಎಂದ ಇವನು. ಅದು ಸುಳ್ಳೆಂದು ಬಲ್ಲ ನಾನು ನೆಲ ನೋಡುತ್ತ ನಿಂತೆ. "ನಿನ್ನೆ ಸಂಜೀಲಿಂದ್ರಿ" ಎಂದವರು ಅವನ ಪತ್ನಿ. ಆಗ ಎಲ್ಲರೂ ಓಡಾಡತೊಡಗಿದರು. ಸೂಜಿಯಿಂದ ಕಪ್ಪುಗಟ್ಟಿದ ರಕ್ತವನ್ನು ಹೊರತೆಗೆದು, ರಕ್ತದೊತ್ತಡ ನೋಡುತ್ತ, ಫಿನೈಲ್‌ಎಫ್ರಿನ್ ಎಂಬ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟರಂತೆ. ಬಿಸಿಲೇರುವ ಹೊತ್ತಿಗೆ ಇಳಿಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಅಳಿದುಳಿದಿದ್ದ ಶಕ್ತಿ ಮಾತ್ರ ಮತ್ತೆ ಬರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಆ ತಾಯಿಯೂ ನಾನೂ ಕುಳಿತಿದ್ದೆವು. ಬಹಳ ಹೊತ್ತಿನ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಮಾಸ್ತರ್ರ, ನಾ ಇವರನ್ನ ಯಾವತ್ತರೆ ಏನರೆ ಕೇಳೇನೇನ್ರಿ?" ಎಂದರು. ನಾನು ಚಹಾ ತರುತ್ತೇನೆಂದು ಹೇಳಿ ಎದ್ದು ಹೋದೆ.