ಎರಡು ಸೆಕೆಂಡುಗಳ ಪಾಠ

ವಿಜ್ಞಾನದ ಅಧ್ಯಾಪಕನಾಗಿ ನಾನು ಮಕ್ಕಳಿಗೆ ಕಲಿಸಿದ್ದು ಎಷ್ಟೆಂದು ಅವರೇ ಹೇಳಬೇಕು. ಅವರಿಂದ ನಾನು ಕಲಿತ ಒಂದು ಪಾಠವನ್ನು ಈ ಸ್ಮರಣ ಸಂಚಿಕೆಯ ನೆಪದಲ್ಲಿ ವಾಚಕರ ಮುಂದಿಡಬಯಸುತ್ತೇನೆ.

ಹತ್ತನೆಯ ತರಗತಿಯಲ್ಲಿ ವಿದ್ಯುತ್ಕಾಂತದ ಪಾಠ ನಡೆದಿತ್ತು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ. ಆ ಚಲನೆಯಿಂದ ಬೇರೊಂದು ಮಂಡಲದ ದೀಪ ಹೊತ್ತುತ್ತದೆ. ಇದೇ ರಿಲೇ. ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಹೊತ್ತಿ, ಗೊತ್ತುಪಡಿಸಿದ ಕಾಲ ಕಳೆದೊಡನೆ ತಾನಾಗಿಯೇ ಆರುವಂತಾದರೆ ಪಾಠವು ಮಕ್ಕಳಿಗೆ ಮನದಟ್ಟಾದೀತೆಂದು ಭಾವಿಸಿ ಒಂದು ಮಂಡಲವನ್ನು ಯೋಜಿಸಿದೆ.

ಹಾನ್ಸ್ ಕಾಮೆನ್‌ಜಿಂಡ್ ಎಂಬ ತಂತ್ರಜ್ಞರು 1971ರಲ್ಲಿ ರೂಪಿಸಿದ 555 ಎಂಬ ಎಂಟು ಕಾಲುಗಳ ಟೈಮರ್ ಐಸಿಯೇ ಅದರ ಜೀವಾಳ. ರೋಧಕದ ಮೂಲಕ ಧಾರಕವು ನಿಧಾನವಾಗಿ ತುಂಬುತ್ತದೆ. ಅದರ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿನ ಮೂರರಲ್ಲಿ ಎರಡು ಪಾಲನ್ನು ಮುಟ್ಟಿದೊಡನೆ ಐಸಿಯು ರಿಲೇಯನ್ನು ಬಿಡಿಸುತ್ತದೆ. ರೋಧವನ್ನು ಧಾರಕತೆಯಿಂದಲೂ 1.1ರಿಂದಲೂ ಗುಣಿಸಿದರೆ ಕಾಲ ದೊರೆಯುತ್ತದೆ. ನಾನು ಆರಿಸಿದ್ದು 100 ಕಿಲೋ ಓಮ್ ಮತ್ತು 100 ಮೈಕ್ರೋಫ್ಯಾರಡ್. ಅಂದರೆ 11 ಸೆಕೆಂಡು. ಮಕ್ಕಳ ಕೈಯಳತೆಯಲ್ಲಿ ಮನೆಯ ವಿದ್ಯುತ್ತು ಬೇಡವೆಂದು ಬ್ಯಾಟರಿ, ದೀಪಗಳೆರಡೂ 12 ವೋಲ್ಟಿನವು. ರಿಲೇ ಬಿಡುವಾಗ ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜು ಟ್ರಾನ್ಸಿಸ್ಟರನ್ನು ಕೆಡಿಸದಂತೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನೂ ಜೋಡಿಸಿದ್ದೆ.

ಕರಿಹಲಗೆಯ ಮೇಲೆ "11 ಸೆಕೆಂಡು" ಎಂದು ಬರೆದು ಗುಂಡಿಯನ್ನು ಒತ್ತಿದೆ. ದೀಪ ಹೊತ್ತಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಅದು ಆರಿದಾಗ ಸ್ಟಾಪ್‌ವಾಚು ಹಿಡಿದಿದ್ದ ಹುಡುಗ 13 ಎಂದ. ಮತ್ತೆ ಒತ್ತಿದೆ, 13. ಮೂರನೆಯ ಸಲವೂ ಅಷ್ಟೇ. ಗಣಿತ ನನ್ನ ಪಕ್ಷದಲ್ಲಿದ್ದುದರಿಂದ "ನೀನು ಗಡಿಯಾರ ನಿಲ್ಲಿಸುವುದೇ ತಡ" ಎಂದು ಗದರಿಸಿಬಿಟ್ಟೆ. ಹುಡುಗ ತಲೆ ತಗ್ಗಿಸಿದ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮೂರು ಸಲಾನೂ ಹದಿಮೂರೇ ಬಂತಲ್ರೀ. ಅಂವ ಮೂರೂ ಸಲ ಒಂದೇ ಸಮ ತಪ್ಪತಾನೇನ್ರೀ?" ಎಂದಳು.

ಉತ್ತರ ನನ್ನಲ್ಲಿರಲಿಲ್ಲ. ಲಜ್ಜೆಯನ್ನು ನುಂಗಿಕೊಂಡು ಎಲ್ಲರನ್ನೂ ಮೇಜಿನ ಸುತ್ತ ಕರೆದೆ. ರೋಧಕವನ್ನು ಬಿಚ್ಚಿ ಮಲ್ಟಿಮೀಟರಿನಿಂದ ಅಳೆದೆವು, ಸರಿಯಾಗಿಯೇ ಇತ್ತು. ಅದೇ ಬೆಲೆಯ ಇನ್ನೊಂದು ಧಾರಕವನ್ನು ಹಾಕಿದಾಗ ಕಾಲ 11ರ ಸಮೀಪಕ್ಕೆ ಇಳಿಯಿತು. ಇಂಥ ಎಲೆಕ್ಟ್ರೊಲಿಟಿಕ್ ಧಾರಕಗಳ ಮೈಮೇಲೆ ಅಚ್ಚಾದ ಬೆಲೆಗೂ ನಿಜವಾದ ಬೆಲೆಗೂ ಶೇಕಡಾ 20ರವರೆಗೆ ವ್ಯತ್ಯಾಸವಿರುವುದು ಸಾಮಾನ್ಯ. 100ರ ಬದಲು 120 ಇದ್ದರೆ ಕಾಲ 13 ಸೆಕೆಂಡನ್ನು ದಾಟುತ್ತದೆ. ಈ ಸಂಗತಿಯನ್ನು ಓದಿದ್ದವನು ನಾನೇ, ಮರೆತವನೂ ನಾನೇ.

ಮರುದಿನ ಮೊದಲಿನ ಧಾರಕವನ್ನೇ ಮತ್ತೆ ಕೂಡಿಸಿ, ರೋಧಕದ ಬದಲು 68 ಕಿಲೋ ಓಮ್ ರೋಧಕವನ್ನೂ ಅದರೊಡನೆ ಸರಣಿಯಲ್ಲಿ, ತಿರುಪಿ ಹೊಂದಿಸಬಹುದಾದ 47 ಕಿಲೋ ಓಮಿನ ಪ್ರಿಸೆಟ್ಟನ್ನೂ ಜೋಡಿಸಿದೆ. ಗದರಿಸಿಕೊಂಡ ಹುಡುಗನನ್ನು ಎಲ್ಲರೆದುರು ಕರೆದು, "ತಪ್ಪು ನನ್ನದಪ್ಪಾ" ಎಂದು ಹೇಳಿ ಸ್ಕ್ರೂಡ್ರೈವರನ್ನು ಅವನ ಕೈಗಿತ್ತೆ. ಐದಾರು ಸಲ ತಿರುಪಿ, ಅಳೆದು, ಅವನೇ 11 ಸೆಕೆಂಡಿಗೆ ತಂದು ನಿಲ್ಲಿಸಿದ.

ಆ ಹಲಗೆ ಇಂದಿಗೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ. ಪ್ರತಿ ವರ್ಷ ಅದನ್ನು ಹೊರತೆಗೆದಾಗ ಲೆಕ್ಕದ ಕಾಲವನ್ನು ನಾನು ಬರೆಯುತ್ತೇನೆ. ಅದರ ಪಕ್ಕದಲ್ಲಿ ಅಳೆದ ಕಾಲವನ್ನು ಮಕ್ಕಳು ಬರೆಯುತ್ತಾರೆ.