ಒರೆಸಿ ಹಾಕಿದ ಲೆಕ್ಕ

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯಲ್ಲಿ ಜೀಪಿನಡಿ ಸದಾ ಒಂದು ರಟ್ಟು ಹಾಸಿರುತ್ತಿತ್ತು. ಜೀಪು ನೋಡಲು ಯಾರಾದರೂ ಬರುತ್ತಾರೆಂದು ಫೋನ್ ಬಂದರೆ ಸಾಕು, ಎಣ್ಣೆ ಕುಡಿದು ಕಪ್ಪಾದ ಆ ರಟ್ಟನ್ನು ಎಳೆದು ಹಿತ್ತಿಲಿಗೆ ಎಸೆದು, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಗಾಡಿಯ ಹೊಟ್ಟೆ ಒರೆಸಿಬಿಡುತ್ತಿದ್ದೆ. ಬಂದವರು ಬಗ್ಗಿ ನೋಡಿ, “ಇಷ್ಟು ಹಳೇ ಗಾಡಿ, ಒಂದು ಹನಿ ಸೋರಿಲ್ಲವಲ್ರೀ!” ಅನ್ನುತ್ತಿದ್ದರು. ನಾನು ಮುಗುಳ್ನಗುತ್ತಿದ್ದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು, ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಯಾರನ್ನೂ ಮನೆಗೆ ಬಿಡದಿದ್ದ ಮನುಷ್ಯ ನಾನು. ನನ್ನದೇ ಅಂಗಳದಲ್ಲಿ ದಿನವೂ ಲೆಕ್ಕ ತಪ್ಪುತ್ತಿತ್ತು, ಅದನ್ನು ಒರೆಸಿ ಹಾಕುತ್ತಿದ್ದೆ.

ಗಾಡಿ 1944ರ ಫೋರ್ಡ್ ಜಿಪಿಡಬ್ಲ್ಯು. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರೊಳಗೆ ಇಂಥ ಜೀಪುಗಳನ್ನು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ಯುದ್ಧ ಮುಗಿದು ಹರಾಜಿಗೆ ಬಂದವುಗಳಲ್ಲಿ ಕೆಲವು ಮಲೆನಾಡಿನ ತೋಟಗಳನ್ನೂ ಸೇರಿ, ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತವು. ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ಕೊಟ್ಟಿಗೆಯಲ್ಲಿ, ಅಡಿಕೆ ಸೋಗೆ ಹೊದ್ದು ಕೂತಿತ್ತು. ಬೋಲ್ಟಿನ ತಲೆ ಮೇಲಿನ ತುಕ್ಕು ಕೆರೆದಾಗ, ಫೋರ್ಡ್ ತನ್ನ ಬಿಡಿಭಾಗಗಳಿಗೆ ಒತ್ತುತ್ತಿದ್ದ ‘ಎಫ್’ ಅಕ್ಷರ ಕಂಡಿತು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು.

ಎರಡು ವರ್ಷ, ನಿವೃತ್ತಿ ಹಣದ ಒಂದು ಪಾಲು ಅದಕ್ಕೆ ಹೋಯಿತು. ಯಂತ್ರದ ಕೆಲಸ ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರದು, ಬಣ್ಣ ಮಾತ್ರ ನನ್ನದೇ. ಚಾಸಿಯಿಂದ ಹಿಡಿದು ಗೇರ್‌ಬಾಕ್ಸಿನ ಬೆನ್ನಿನವರೆಗೂ ಮಿಲಿಟರಿ ಹಸಿರನ್ನು ಎರಡೆರಡು ಕೋಟು ಹೊಡೆದೆ. ಯಾರ ಕಣ್ಣಿಗೂ ಬೀಳದ ಜಾಗವನ್ನೂ ಬಿಡಲಿಲ್ಲವೆಂಬ ಹೆಮ್ಮೆ ಬೇರೆ.

ಈ ಜೀಪಿನಲ್ಲಿ ಮೂರು ಗೇರಿನ ಡಬ್ಬಿಯ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಡಬ್ಬಿ ಅಂಟಿಕೊಂಡಿರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದರ ಕೆಲಸ. ಗೇರ್‌ಬಾಕ್ಸಿಗೆ ಮುಕ್ಕಾಲು ಲೀಟರಿನಷ್ಟು, ಇದಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ತೊಂಬತ್ತರ ದಪ್ಪದ ಎಣ್ಣೆ ಸಾಕು. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಿಂದ ಪ್ರೊಪೆಲ್ಲರ್ ಶಾಫ್ಟಿಗೆ ಬಲ ಕೊಡುವ ಯೋಕ್ ಹೊರಬರುತ್ತದೆ, ಅದರ ಸುತ್ತ ಆಯಿಲ್ ಸೀಲ್ ಕೂತಿರುತ್ತದೆ. ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದೂ ಅಲ್ಲೇ. ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರವನ್ನು ಮುಟ್ಟುವುದೇ ಇಲ್ಲ, ಈ ಒಂದು ಡ್ರಮ್ಮನ್ನು ಹಿಡಿದು ಗಾಡಿ ನಿಲ್ಲಿಸುತ್ತದೆ. ಆ ಸೀಲು ಸೋರಿದರೆ ಎಣ್ಣೆ ನೆಲಕ್ಕೆ ಬೀಳುವ ಮೊದಲು ಬ್ರೇಕಿಗೆ ಅಭ್ಯಂಜನವಾಗುತ್ತದೆ. ಪುಸ್ತಕ ಓದಿ ಇದೆಲ್ಲ ನನಗೆ ತಿಳಿದಿತ್ತು.

ಸೋರಿಕೆ ಶುರುವಾದ ತಿಂಗಳಲ್ಲೇ ಸೀಲು ಬದಲಾಯಿಸಿದೆ. ಮಹೀಂದ್ರದ ಹಳೆಯ ಸಿಜೆ-3ಬಿ ಜೀಪಿಗೂ ಇದೇ ವಂಶದ ಟ್ರಾನ್ಸ್‌ಫರ್ ಕೇಸ್ ಇದ್ದದ್ದರಿಂದ ಸಾಮಾನಿಗೆ ಪರದಾಡಬೇಕಿರಲಿಲ್ಲ. ಮೂರು ವಾರ ಒಣಗಿತ್ತು, ಮತ್ತೆ ಶುರು. ಎರಡನೇ ಸಲ ಯೋಕನ್ನು ಎಮೆರಿ ಕಾಗದದಿಂದ ತಿಕ್ಕಿ ಫಳಫಳ ಹೊಳೆಸಿ ಹೊಸ ಸೀಲು ಹಾಕಿದೆ, ಮೊದಲಿಗಿಂತ ಬೇಗ ಸೋರಿತು. ಮೂರನೇ ಸಲ ಸಂದಿಗೊಂದಿಗೆಲ್ಲ ಸಿಲಿಕಾನ್ ಮೆತ್ತಿದೆ. ಅದಕ್ಕೂ ಬಗ್ಗದಿದ್ದಾಗ ತೊಂಬತ್ತರ ಬದಲು ನೂರನಲವತ್ತರ ಎಣ್ಣೆ ಸುರಿದೆ. ಚಳಿಯ ಬೆಳಿಗ್ಗೆ ಗೇರು ಬೀಳಲು ಹಟ ಮಾಡತೊಡಗಿತು, ಹನಿ ಮಾತ್ರ ನಿಲ್ಲಲಿಲ್ಲ.

ಮೆಕ್ಯಾನಿಕ್ ಆಗಲೇ ಹೇಳಿದ್ದರು: “ಸಾರ್, ಸುಮ್ನೆ ಸೀಲ್ ಹಾಕ್ತಾ ಹೋದ್ರೆ ಆಗಲ್ಲ. ಬಾಕ್ಸ್ ಇಳಿಸಿ ಭದ್ರಾವತಿಗೆ ತಗೊಂಡ್ಹೋಗಿ, ಯೋಕ್ ಲೇತಿಗೆ ಹಾಕ್ಸಿ.” ಬಾಕ್ಸ್ ಇಳಿಸುವುದೆಂದರೆ ವಾರವಿಡೀ ಗಾಡಿ ಮಲಗಬೇಕು. ಅದಕ್ಕಿಂತ ಹೆಚ್ಚಾಗಿ, ನಾನು ಮುಗಿಸಿದೆನೆಂದು ಊರಿಗೆಲ್ಲ ಹೇಳಿಕೊಂಡಿದ್ದ ಕೆಲಸ ಮುಗಿದಿರಲಿಲ್ಲವೆಂದು ಒಪ್ಪಬೇಕು. “ಹಳೇ ಜೀಪು ಅಂದ್ಮೇಲೆ ಸೋರತ್ತೆ ಬಿಡಿ” ಎಂದು ಅವರ ಬಾಯಿ ಮುಚ್ಚಿಸಿದೆ. ರಟ್ಟು ಬಂದದ್ದು ಆಮೇಲೆ. ಹ್ಯಾಂಡ್‌ಬ್ರೇಕ್ ಸಡಿಲವಾದಾಗ ಬಿಗಿ ಮಾಡಿದೆ. ಬಿಗಿ ಮಾಡಿದ್ದೂ ನಿಲ್ಲದಿದ್ದಾಗ ಗಾಡಿಯಲ್ಲೊಂದು ಕಲ್ಲು ಇಟ್ಟುಕೊಂಡೆ, ಚಕ್ರಕ್ಕೆ ಕೊಡಲು.

ಆ ವರ್ಷದ ಭೂಮಿ ಹುಣ್ಣಿಮೆಗೆ ಸಾಗರ ರಸ್ತೆಯ ಆನಂದಪುರದ ಆಚೆಗಿರುವ ಅಕ್ಕನ ಮನೆಗೆ ಜೀಪಿನಲ್ಲೇ ಹೋದೆ. ಹೊಡೆ ತುಂಬಿದ ಗದ್ದೆ ಬಸುರಿ ಹೆಂಗಸಿನಂತೆ, ಅವಳ ಬಯಕೆ ತೀರಿಸುವ ಹಬ್ಬ ಅದು. ಬೆಳಕು ಹರಿಯುವ ಮುಂಚೆ ಭಾವ ಚರಗ ಬೀರಿ ಬಂದಿದ್ದರು. ಪೂಜೆಯ ಸಾಮಾನು, ಅಡುಗೆ, ಹೆಂಗಸರು ಮಕ್ಕಳನ್ನು ಹೇರಿಕೊಂಡು ಗದ್ದೆಯ ಮೇಲಿನ ಇಳಿಜಾರಿನ ತನಕ ಜೀಪು ತಂದೆ. ಎಲ್ಲರೂ ಇಳಿದರು. ಅಕ್ಕನ ಮಗ ಮಾತ್ರ, “ಮಾವ, ಇಷ್ಟೊಂದು ಹಿಡಿಕೆ ಯಾಕೆ?” ಅಂದ. ಕೇಳುವವರು ಸಿಕ್ಕರೆ ನಾನು ಬಿಡುವವನೇ? ಒಂದು ಗೇರಿಗೆ, ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಟ್ರಾನ್ಸ್‌ಫರ್ ಕೇಸಿನ ಹೈ, ಲೋಗೆ ಎಂದು ಹಿಂದೆ ಮುಂದೆ ಜಗ್ಗಿ ತೋರಿಸಿದೆ. ಆಮೇಲೆ ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಅಕ್ಕ ಕರೆಯುತ್ತಿದ್ದಳು, ಕಲ್ಲು ಸೀಟಿನಡಿಯೇ ಉಳಿಯಿತು.

ಆ ಕೊನೆಯ ಹಿಡಿಕೆ ನಡುವೆ, ನ್ಯೂಟ್ರಲ್‌ನಲ್ಲಿ ಉಳಿದಿತ್ತು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸ್ ಯಾವ ಗೇರಿನಲ್ಲಿದ್ದರೂ ಚಕ್ರಕ್ಕೆ ಅದರ ಹಿಡಿತ ಇಲ್ಲ. ಆಗ ಗಾಡಿಯನ್ನು ಹಿಡಿಯಬೇಕಾದದ್ದು ಆ ಒಂದೇ ಡ್ರಮ್. ಅದಕ್ಕೆ ನಾನು ವರ್ಷವಿಡೀ ಎಣ್ಣೆ ಕುಡಿಸಿದ್ದೆ.

ಸದ್ದಿಲ್ಲದೆ ಹೊರಟಿತು. ಎಲೆ ಹಾಕಲು ಬಗ್ಗಿದ್ದ ಅಕ್ಕನ ಬೆನ್ನಿನಿಂದ ಒಂದು ಮಾರು ದೂರದಲ್ಲಿ ಹಾದು, ಗದ್ದೆಯಂಚು ಹಾರಿ, ಭತ್ತದೊಳಗೆ ಮೂಗು ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೆಲಕಚ್ಚಿದ ಪೈರನ್ನು ಅಕ್ಕ ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡಿದಳು. “ಬಯಕೆ ಉಣ್ಸೋ ದಿನವೇ ಹೊಟ್ಟೆ ಮೇಲೆ ಗಾಡಿ ಹಾಯಿಸಿದ್ಯಲ್ಲೋ” ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವಾರ ಬಾಕ್ಸ್ ಇಳಿಸಿ ಭದ್ರಾವತಿಗೆ ಒಯ್ದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಟರ್ನರ್ ಒಬ್ಬರು ನ್ಯೂಟೌನಿನಲ್ಲಿ ಮನೆಯ ಹಿಂದೆ ಒಂದು ಲೇತು ಇಟ್ಟುಕೊಂಡಿದ್ದಾರೆ. ನಾನು ಬಾಕ್ಸನ್ನು ಚೆನ್ನಾಗಿ ತೊಳೆದು, ಒರೆಸಿ ಒಯ್ದಿದ್ದೆ. ಅವರು ಮೊದಲು ಕೇಳಿದ್ದು, “ಯಾಕ್ ಸಾರ್ ತೊಳೆದ್ರಿ? ಎಲ್ಲಿಂದ ಬರ್ತಿತ್ತು ಅಂತ ಅದೇ ಹೇಳ್ತಿತ್ತಲ್ಲ.”

ಆಮೇಲಿನ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಂತಾಗ ಸೋರೋದಾ, ಓಡಿದ ಮೇಲಾ? ವಾರಕ್ಕೆ ಎಷ್ಟು? ಗೇರ್‌ಬಾಕ್ಸಲ್ಲಿ ಎಣ್ಣೆ ಇಳಿದು ಇದರಲ್ಲಿ ಏರ್ತಿತ್ತಾ? ಒಂದರ ಎಣ್ಣೆ ಇನ್ನೊಂದಕ್ಕೆ ನುಸುಳುವುದು ಈ ಜೋಡಿ ಡಬ್ಬಿಗಳ ಹಳೆಯ ಚಾಳಿ. ಎಲ್ಲಕ್ಕೂ ಉತ್ತರ ಆ ರಟ್ಟುಗಳ ಮೇಲಿತ್ತು. ನಾನು ಅವನ್ನು ಹಿತ್ತಿಲಲ್ಲಿ ಸುಟ್ಟಿದ್ದೆ.

ಅವರು ಯೋಕಿನ ಮೇಲೆ ಉಗುರು ಎಳೆದರು, ಉಗುರು ಸಿಕ್ಕಿಕೊಂಡಿತು. ಎಪ್ಪತ್ತು ವರ್ಷ ಸೀಲಿನ ತುಟಿ ಉಜ್ಜಿ ಉಜ್ಜಿ ಉಕ್ಕಿನಲ್ಲೇ ಗಾಡಿಜಾಡು ಬಿದ್ದಿತ್ತು. ಅದರ ಮೇಲೆ ನನ್ನ ಎಮೆರಿಯ ಗೆರೆಗಳು ಓರೆಯಾಗಿ, ತಿರುಪಿನಂತೆ ಸುತ್ತಿದ್ದವು. “ಇದು ತಿರುಗ್ತಾ ಇದ್ರೆ ತಾನೇ ಎಣ್ಣೆ ಆಚೆ ದೂಡತ್ತೆ. ನೀವು ಸೋರಿಕೆ ನಿಲ್ಸಿಲ್ಲ, ಪಂಪ್ ಮಾಡಿದೀರಿ” ಎಂದು ನಕ್ಕರು. ಶಾಫ್ಟು ಹಿಡಿದು ಹಿಂದೆ ಮುಂದೆ ಎಳೆದಾಗ ಕಟಕಟ ಅಂದಿತು. ಇಲ್ಲಿ ಇರಬೇಕಾದ ಸಡಿಲ ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಪಾಲು, ಹಿಂದಿನ ಕ್ಯಾಪಿನಡಿ ಇಡುವ ತೆಳ್ಳನೆಯ ಶಿಮ್‌ಗಳಿಂದ ಅದನ್ನು ಹೊಂದಿಸಬೇಕು. ನಾನು ಪ್ರತಿ ಸಲ ಬಿಚ್ಚಿ ಜೋಡಿಸುವಾಗ ಶಿಮ್ ಎಣಿಸಿಯೇ ಇರಲಿಲ್ಲ. ಶಾಫ್ಟು ಕುಣಿದರೆ ಯಾವ ಸೀಲು ಬಾಳೀತು?

ಕೊನೆಗೆ ಟ್ರಾನ್ಸ್‌ಫರ್ ಕೇಸಿನ ಮೇಲಿದ್ದ ಪುಟ್ಟ ಬ್ರೀದರನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರು. ಹಸಿರು ಬಣ್ಣದ ಚಕ್ಕೆ ಎದ್ದು ಬಂತು. ಓಡಿದಂತೆ ಡಬ್ಬಿ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಉಸಿರು ಬಿಡುವ ದಾರಿಯನ್ನು ನಾನು ಎರಡು ಕೋಟು ಬಣ್ಣದಿಂದ ಮುಚ್ಚಿದ್ದೆ. ಗಾಳಿ ಇನ್ನೆಲ್ಲಿ ಹೋಗಬೇಕು? ಸೀಲಿನ ತುಟಿ ತಳ್ಳಿಕೊಂಡು, ಎಣ್ಣೆಯನ್ನೂ ಕರೆದುಕೊಂಡು ಹೊರಬಂದಿತ್ತು. ದೂರದ ಓಡಾಟದ ಮರುದಿನ ರಟ್ಟು ಹೆಚ್ಚು ಕಪ್ಪಾಗಿರುತ್ತಿದ್ದುದು ಆಗ ನೆನಪಾಯಿತು. ದಿನಾಂಕ ಹಾಕಿ ಎರಡು ರಟ್ಟು ಪಕ್ಕಪಕ್ಕ ಇಟ್ಟಿದ್ದರೂ ಸಾಕಿತ್ತು.

ಅವರು ಯೋಕಿನ ಸವೆದ ಜಾಗ ಕೆತ್ತಿ, ತೆಳ್ಳನೆಯ ಉಕ್ಕಿನ ಬಳೆಯೊಂದನ್ನು ಕಾಯಿಸಿ ತೊಡಿಸಿ, ಮೊದಲಿನ ಅಳತೆಗೆ ತಂದು ನುಣುಪು ಮಾಡಿದರು. ಶಿಮ್ ನಾವಿಬ್ಬರೂ ಕೂತು ಅಳೆದೆವು. ಸೀಲಿನ ತುಟಿ ಒಳಮುಖವಾಗಿ, ಎಣ್ಣೆ ಸವರಿಯೇ ಕೂರಿಸಿದೆವು. ಯೋಕಿನ ಒಳಗಿನ ಹಲ್ಲುಗಳ ಸಂದಿಯಿಂದಲೂ ಎಣ್ಣೆ ನಟ್ಟಿನ ತನಕ ಹರಿದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಿಲಿಕಾನ್ ನಿಜವಾಗಿ ಬೇಕಿದ್ದದ್ದು ಅಲ್ಲಿಗೆ, ಒಂದು ಚಿಟಿಕೆ. ಎಣ್ಣೆ ಹೀರಿದ ಬ್ರೇಕಿನ ಲೈನಿಂಗನ್ನು ತೊಳೆದು ಉಳಿಸಿಕೊಳ್ಳೋಣವೇ ಅಂದೆ. ಅವರು ಮಾತಾಡದೆ ಅದನ್ನು ಕಸದ ಡಬ್ಬಕ್ಕೆ ಹಾಕಿದರು.

ಹಳೆಯ ಮಿಲಿಟರಿ ಗಾಡಿ ಮಾಡಿಸಿಕೊಂಡವರು ಈಗ ನನ್ನನ್ನು ಸೋರಿಕೆಯ ಬಗ್ಗೆ ಕೇಳುವುದುಂಟು. ಮೊದಲು ಬ್ರೀದರ್ ಊದಿ ನೋಡಿ ಅನ್ನುತ್ತೇನೆ, ಅದಕ್ಕೆ ಕಾಸು ಖರ್ಚಿಲ್ಲ. ಆಮೇಲೆ ಒಮ್ಮೆ ಪೂರ್ತಿ ತೊಳೆದು, ಒಣಗಿಸಿ, ಸುತ್ತ ಟಾಲ್ಕಂ ಪೌಡರ್ ಉದುರಿಸಿ ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಗಾಳಿಗೆ ಎಣ್ಣೆ ಹಿಂದಕ್ಕೂ ಕೆಳಕ್ಕೂ ಹರಡಿರುತ್ತದೆ, ಆದ್ದರಿಂದ ತೀರಾ ಮೇಲೆ, ತೀರಾ ಮುಂದೆ ಪುಡಿ ಒದ್ದೆಯಾದ ಜಾಗವೇ ಮೂಲ. ಅದು ಸಿಗುವ ತನಕ ಮತ್ತೆ ಒರೆಸಬೇಡಿ. ಹ್ಯಾಂಡ್‌ಬ್ರೇಕಿಗೆ ಎಣ್ಣೆ ತಗುಲಿದ್ದರೆ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯಲೇಬೇಡಿ.

ರಟ್ಟು ಈಗಲೂ ಜೀಪಿನಡಿ ಇದೆ. ಮೂಲೆಯಲ್ಲಿ ದಿನಾಂಕ, ಓಡಿದ ಕಿಲೋಮೀಟರ್ ಬರೆದಿರುತ್ತದೆ. ತಿಂಗಳಿಗೆ ಐದಾರು ಹನಿ ಬೀಳುತ್ತವೆ, ಮುಂದಿನ ಯೋಕಿನದು. ಬರುವ ಬೇಸಿಗೆಯಲ್ಲಿ ಅದೂ ಭದ್ರಾವತಿಗೆ ಹೋಗಬೇಕು. ಹೋದ ವಾರ ಅಕ್ಕ ಬಂದಿದ್ದಳು. ಜೀಪು ನೋಡುವವಳಲ್ಲ, ಆದರೂ ಬಗ್ಗಿ ರಟ್ಟು ನೋಡಿದಳು. “ಇನ್ನೂ ಸೋರತ್ತಲ್ಲೋ” ಅಂದಳು. ಹೂಂ ಅಂದೆ. ಸೀಟಿನಡಿಯ ಕಲ್ಲನ್ನು ಅವಳೇ ತೆಗೆದು ಚಕ್ರಕ್ಕೆ ಕೊಟ್ಟು ಒಳಗೆ ಹೋದಳು.