ಟಿಕೆಟ್ ಇಲ್ಲದ ಟ್ರಾಮು, ಮಾರಾಟಕ್ಕಿಲ್ಲದ ನೀರು

ಲಕ್ಸೆಂಬರ್ಗ್ ರೈಲು ನಿಲ್ದಾಣದ ಎದುರು ಟ್ರಾಮು ಹತ್ತಿದ ಮೇಲೂ ಅಮ್ಮ ಕೂರಲೇ ಇಲ್ಲ. ಕಂಬ ಹಿಡಿದು ನಿಂತು, "ಟಿಕೆಟ್ ತಗೊಳ್ಳೋ, ಇಳಿಯೋವಾಗ ಕೇಳಿದ್ರೆ ಏನ್ಮಾಡ್ತೀಯ?" ಎಂದಳು. ಕೇಳುವವರು ಯಾರೂ ಇರಲಿಲ್ಲ. 2020ರ ಫೆಬ್ರವರಿ 29ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲವೂ ಉಚಿತ. ರೈಲಿನ ಮೊದಲ ದರ್ಜೆಗಷ್ಟೇ ದುಡ್ಡು. ನಮ್ಮಲ್ಲಿ 'ಶಕ್ತಿ' ಯೋಜನೆ ಬಂದ ಮೇಲೆ ಅಮ್ಮ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಪಡೆದು ಓಡಾಡಿದವಳೇ. ಇಲ್ಲಿ ಕಾರ್ಡೂ ಬೇಡ, ಯಾವ ಊರು ಎಂಬ ಪ್ರಶ್ನೆಯೂ ಇಲ್ಲ. ನಾಲ್ಕು ನಿಲ್ದಾಣ ದಾಟಿದ ಮೇಲಷ್ಟೇ ನಂಬಿಕೆ ಬಂದು ಕೂತಳು.

ಈ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ ಇದಕ್ಕಿಂತ ದೊಡ್ಡದು. ರಾಜಧಾನಿಯ ಅರ್ಧ ಬಂಡೆಯ ಮೇಲೆ, ಅರ್ಧ ಕಣಿವೆಯಲ್ಲಿ. ಕಣಿವೆಯ ಫಾಫೆಂಥಾಲಿನಿಂದ ಮೇಲಿನ ಪಟ್ಟಣಕ್ಕೆ ಸುಮಾರು ಎಪ್ಪತ್ತು ಮೀಟರ್ ಎತ್ತರದ ಗಾಜಿನ ಲಿಫ್ಟು, ಅದೂ ಉಚಿತ. ಪ್ರವಾಸಿಗರಿಗೆಂದು ಕಟ್ಟಿದ್ದೇನೋ ಎಂದುಕೊಂಡಿದ್ದೆ. ಒಳಗೆ ನಮ್ಮ ಜೊತೆ ನಿಂತವರು ಸೈಕಲ್ ಹಿಡಿದ ಹುಡುಗ, ತರಕಾರಿ ಚೀಲದ ಅಜ್ಜಿ. ಬೆಟ್ಟ ಹತ್ತುವ ಕಷ್ಟವನ್ನು ಮಂಡಿನೋವಿನ ಮುದುಕಿಯ ಪಾಲಿಗೆ ಬಿಡದ ಊರು ಅದು! ಅಮ್ಮ ಗಾಜಿಗೆ ಹಣೆ ಆನಿಸಿ, ಕೆಳಗೆ ಸರಿಯುವ ಛಾವಣಿಗಳನ್ನು ನೋಡುತ್ತಿದ್ದಳು. ಮೂರು ಸಲ ಹತ್ತಿ ಇಳಿದೆವು.

ಅಂದು ಸಂಜೆ ಕಾಫಿ ತಂದುಕೊಟ್ಟ ಹೆಂಗಸು ಗಡಿಯಾರ ನೋಡುತ್ತಲೇ ಇದ್ದಳು. ಅವಳ ಮನೆ ಫ್ರಾನ್ಸಿನ ತಿಯೋನ್‌ವಿಲ್‌ನಲ್ಲಿ. ಹೀಗೆ ಗಡಿಯಾಚೆಯಿಂದ ಕೆಲಸಕ್ಕೆ ಬರುವವರು ಎರಡು ಲಕ್ಷಕ್ಕೂ ಹೆಚ್ಚು. ಕಾನೂನಿನ ಕನಿಷ್ಠ ವೇತನ ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚು, ಆದರೆ ಮನೆಯ ಬೆಲೆ ಆ ಸಂಬಳಕ್ಕೂ ನಿಲುಕದು. ಲಕ್ಸೆಂಬರ್ಗಿನವರೇ ಎಷ್ಟೋ ಜನ ಜರ್ಮನಿಯ ಹಳ್ಳಿಗಳಲ್ಲಿ ಮನೆ ಮಾಡಿದ್ದಾರೆ. ಆರರ ಹೊತ್ತಿಗೆ ನಿಲ್ದಾಣಕ್ಕೆ ಬಂದು ನೋಡಿದರೆ, ಊರಿಗೆ ಊರೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ಕಾಯುತ್ತಿತ್ತು.

ಅಲ್ಲಿಂದ ಸ್ಲೊವೇನಿಯಾಕ್ಕೆ ಹೋದೆವು. ಇಪ್ಪತ್ತು ಲಕ್ಷಕ್ಕಿಂತ ತುಸು ಹೆಚ್ಚು ಜನರ ದೇಶ, 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದದ್ದು. ಕನಿಷ್ಠ ವೇತನ ಲಕ್ಸೆಂಬರ್ಗಿನದರ ಸುಮಾರು ಅರ್ಧ. ರಾಜಧಾನಿ ಲ್ಯುಬ್ಲಿಯಾನಾದ ನಡುಭಾಗಕ್ಕೆ ಕಾರುಗಳ ಪ್ರವೇಶವಿಲ್ಲ. ನಡೆಯಲಾಗದವರನ್ನು 'ಕವಾಲಿರ್' ಎಂಬ ಪುಟ್ಟ ವಿದ್ಯುತ್ ಗಾಡಿ ಬಿಟ್ಟಿಯಾಗಿ ಕರೆದೊಯ್ಯುತ್ತದೆ. ಅದರಲ್ಲಿ ಕೂತ ಅಮ್ಮ, "ಹಾರ್ನೇ ಕೇಳಿಸ್ತಿಲ್ವಲ್ಲೋ" ಎಂದಳು. ನಿಜ, ಹೊಳೆದಂಡೆಯಲ್ಲಿ ಜನರ ಮಾತು, ಕಪ್ಪಿನಲ್ಲಿ ಚಮಚ ಆಡಿಸುವ ಸದ್ದು, ಇಷ್ಟೇ.

ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ ಕಟ್ಟಿದ ಕಂಬಸಾಲಿನ ಮಾರುಕಟ್ಟೆಯಲ್ಲಿ ಹಾಲಿನ ಯಂತ್ರವೊಂದಿದೆ. ಮುದುಕರೊಬ್ಬರು ಮನೆಯಿಂದ ತಂದ ಗಾಜಿನ ಬಾಟಲಿಯನ್ನು ಅದರಡಿ ಇಟ್ಟು, ನಾಣ್ಯ ಹಾಕಿ, ಹಸಿ ಹಾಲು ತುಂಬಿಸಿಕೊಂಡರು. ನೀರಿಗಂತೂ ನಾಣ್ಯವೂ ಬೇಡ, ಬೀದಿಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. 2016ರ ನವೆಂಬರಿನಲ್ಲಿ ಇವರ ಸಂಸತ್ತು, ಒಂದೂ ವಿರೋಧದ ಮತವಿಲ್ಲದೆ, ಕುಡಿಯುವ ನೀರನ್ನು ಪ್ರತಿಯೊಬ್ಬರ ಹಕ್ಕೆಂದು ಸಂವಿಧಾನಕ್ಕೇ ಸೇರಿಸಿತು. ನೀರು ಇಲ್ಲಿ ಮಾರಾಟದ ಸರಕಲ್ಲ. ಅಮ್ಮ ಬೊಗಸೆಯೊಡ್ಡಿ ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಇಲ್ಲೂ ಕೊರತೆಗಳಿವೆ. ತಜ್ಞ ವೈದ್ಯರಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಹೊಸದಾಗಿ ಮನೆ ಕೊಳ್ಳುವುದು ಹುಡುಗರಿಗೆ ಕಷ್ಟ. ಆದರೂ 1991ರ ಕಾನೂನು ಸರ್ಕಾರಿ ಮನೆಗಳನ್ನು ಬಾಡಿಗೆದಾರರಿಗೇ ಅಗ್ಗದಲ್ಲಿ ಮಾರಿದ್ದರಿಂದ, ಬಹುಪಾಲು ಜನರಿಗೆ ಸ್ವಂತ ಸೂರಿದೆ. ಸಂಜೆ ಆರಕ್ಕೆ ಇಲ್ಲಿ ಹೊಳೆದಂಡೆ ತುಂಬಿರುತ್ತದೆ.

ಸಂಪಾದನೆಗೆ ಲಕ್ಸೆಂಬರ್ಗ್ ದೊಡ್ಡದು, ಬಾಳುವುದಕ್ಕೆ ನಾನು ಆರಿಸುವುದು ಲ್ಯುಬ್ಲಿಯಾನಾವನ್ನೇ. ನೀವು ಹೋಗುವುದಾದರೆ ಖಾಲಿ ಬಾಟಲಿಯೊಂದನ್ನು ಮರೆಯದೆ ಒಯ್ಯಿರಿ.